ಹಳೆಯ ಆಟಕ್ಕೆ ಹೊಸ ಬೆಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಆಟಕ್ಕೆಂದು ಹುಣಸೆ ಬೀಜವನ್ನು ಕಾಸು ಕೊಟ್ಟು ಕೊಂಡವರಿಲ್ಲ. ಎರಡು ಬೀಜ ಸೀಳಿದರೆ ನಾಲ್ಕು ಹೋಳು. ಚೌಕಾಬಾರಕ್ಕೆ ಅಷ್ಟು ಸಾಕು. ಜಗುಲಿಯ ಮೇಲೆ ಸೀಮೆಸುಣ್ಣದಿಂದ 25 ಮನೆ ಬರೆದು, ಬಳೆಚೂರುಗಳನ್ನು ಕಾಯಿ ಮಾಡಿಕೊಂಡರೆ ಮಧ್ಯಾಹ್ನ ಕಳೆಯುತ್ತಿತ್ತು. ಇಂದು ಅದೇ ಆಟ ಬಟ್ಟೆಯ ಮೇಲೆ ಅಚ್ಚಾಗಿ, ಕವಡೆ ಸಮೇತ ಪೆಟ್ಟಿಗೆಯಲ್ಲಿ ಮಾರಾಟಕ್ಕಿದೆ. ಮಗಳಿಗಾಗಿ ಅದನ್ನು ತಂದಾಗ ಅಮ್ಮ ಕೇಳಿದರು: "ನೆಲದ ಮೇಲೆ ಗೀಚಿಕೊಳ್ಳೋದಕ್ಕೂ ದುಡ್ಡು ಕೊಟ್ಯಾ?"

ಇದೇ ಪ್ರಶ್ನೆ ಗಣಕಯಂತ್ರದ ಆಟಗಳಿಗೂ ಎದುರಾಗಿದೆ. 1989ರಲ್ಲಿ ಜೋರ್ಡನ್ ಮೆಕ್ನರ್ ಆಪಲ್-2 ಯಂತ್ರಕ್ಕಾಗಿ 'ಪ್ರಿನ್ಸ್ ಆಫ್ ಪರ್ಷಿಯಾ' ರಚಿಸಿದರು. ಕಳೆದೇಹೋಯಿತೆಂದುಕೊಂಡಿದ್ದ ಅದರ ಮೂಲ ಕ್ರಮವಿಧಿಯ ಫ್ಲಾಪಿಗಳು 2012ರಲ್ಲಿ ಅವರ ತಂದೆಗೆ ಸಿಕ್ಕವು. ಮೆಕ್ನರ್ ಅದನ್ನು ಎಲ್ಲರಿಗೂ ತೆರೆದಿಟ್ಟರು. ಆದರೆ ಫ್ಲಾಪಿ ಉಳಿದ ಮಾತ್ರಕ್ಕೆ ಆಟ ಉಳಿಯದು. ಹಳೆಯ ಆಟಗಳಲ್ಲಿ ಎಷ್ಟೋ ಆಟಗಳ ವೇಗ ಅಂದಿನ ಸಂಸ್ಕಾರಕದ ವೇಗವನ್ನೇ ನಂಬಿತ್ತು. ಹೊಸ ಯಂತ್ರದಲ್ಲಿ ಅವು ಹಿಡಿತಕ್ಕೆ ಸಿಗದಂತೆ ಓಡುತ್ತವೆ. 2002ರಲ್ಲಿ ಬಂದ 'ಡಾಸ್‌ಬಾಕ್ಸ್' ಎಂಬ ಉಚಿತ ತಂತ್ರಾಂಶ ಹಳೆಯ ಯಂತ್ರವನ್ನೇ ಅನುಕರಿಸಿ ಈ ತೊಡಕನ್ನು ಬಿಡಿಸಿತು. 2008ರಿಂದ ಪೋಲೆಂಡಿನ 'ಜಿಓಜಿ' ಹಳೆಯ ಆಟಗಳನ್ನು ಹೊಸ ಯಂತ್ರಕ್ಕೆ ಹೊಂದಿಸಿ ಮಾರುತ್ತಿದೆ. ಅಲ್ಲಿ ನಾವು ಹಣ ಕೊಡುವುದು ಆಟದ ಹಕ್ಕಿಗೆ, ಜೊತೆಗೆ ಈ ಹೊಂದಿಸುವ ದುಡಿಮೆಗೆ.

ನಮ್ಮ ನಾಡಿನಲ್ಲಿ ಈ ದುಡಿಮೆಗೆ ಹಿರಿಯ ಪರಂಪರೆಯೇ ಉಂಟು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ದೊರೆತಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕುಶಲಕರ್ಮಿಗಳಿಂದ ಹಳೆಯ ಆಟದ ಹಾಸುಗಳನ್ನು ಮತ್ತೆ ಮಾಡಿಸಿ 'ಕ್ರೀಡಾಕೌಶಲ್ಯ' ಪ್ರದರ್ಶನಗಳಲ್ಲಿ ಜನರ ಮುಂದಿಟ್ಟಿತು. ಬರೆದಿಡದಿದ್ದರೆ ಏನಾಗುತ್ತದೆಂಬುದಕ್ಕೆ ಹಳೆಯ ದೇವಾಲಯಗಳ ಚಪ್ಪಡಿಗಳೇ ಸಾಕ್ಷಿ. ಎಷ್ಟೋ ಕಡೆ ಆಟದ ಗೆರೆ ಉಳಿದಿದೆ, ಆಡುವ ಕ್ರಮ ಉಳಿದಿಲ್ಲ.

ಆದ್ದರಿಂದ ಪೆಟ್ಟಿಗೆಯ ಅಂದಕ್ಕಾಗಿ ಹಣ ಕೊಡಬೇಕಾಗಿಲ್ಲ. ನಿಯಮವನ್ನು ಉಳಿಸಿ, ಆಟವನ್ನು ಮತ್ತೆ ಆಡುವಂತೆ ಮಾಡಿದ್ದರೆ ಕೊಡಬಹುದು. ಇಲ್ಲೊಂದು ಎಚ್ಚರಿಕೆಯೂ ಬೇಕು. ನಾಲ್ಕು ಕವಡೆಗಳೂ ಸಮನಾಗಿ ಬೀಳುವುವಾದರೆ, ಸರಾಸರಿ 16 ಎಸೆತಗಳಲ್ಲಿ ಎರಡು 6 ಸಲ ಬೀಳುತ್ತದೆ. ಚೌಕ, ಅಂದರೆ ನಾಲ್ಕು, ಒಮ್ಮೆ. ಬಾರ, ಅಂದರೆ ಎಂಟು, ಒಮ್ಮೆ. ಸೀಳಿದ ಹುಣಸೆ ಬೀಜ ಈ ಲೆಕ್ಕಕ್ಕೆ ಬಗ್ಗದು. ಅದರ ಚಪ್ಪಟೆ ಮುಖಕ್ಕೂ ಉಬ್ಬು ಮುಖಕ್ಕೂ ವ್ಯತ್ಯಾಸವುಂಟು. ನಿಯಮಗಳಲ್ಲೂ ಭೇದವಿದೆ. ಎದುರಾಳಿಯ ಒಂದು ಕಾಯಿ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎನ್ನುತ್ತದೆ ಪೆಟ್ಟಿಗೆಯ ಹಾಳೆ. ಮಧುಗಿರಿಯ ನಮ್ಮ ಮನೆಯಲ್ಲೂ ಅದೇ ಕಟ್ಟಳೆ. ಪಾವಗಡದ ಸೋದರತ್ತೆ ಮಾತ್ರ ಕಡಿಯದೆಯೇ ಒಳಗೆ ಹೋಗುತ್ತಿದ್ದರು, ಜಗಳವೂ ಆಡುತ್ತಿದ್ದರು.

ಅತ್ತೆ ಈಗಿಲ್ಲ. ಹಾಳೆಯ ಹಿಂಬದಿ ಖಾಲಿಯಿತ್ತು. ಅಮ್ಮ ಹೇಳುತ್ತಾ ಹೋದಂತೆ ಮಗಳು ಅದರ ಮೇಲೆ ಅತ್ತೆಯ ನಿಯಮವನ್ನು ಬರೆದಿಟ್ಟಳು.