ಬಿಯರಿನ ರುಚಿಗೊಂದು ಭಾಷೆ

ನಾಟಕಕಾರ ವಿಲಿಯಂ ಷೇಕ್ಸ್‌ಪಿಯರ್ ಹುಟ್ಟುವುದಕ್ಕೆ ಎಂಟು ವರ್ಷ ಮೊದಲು, 1556ರಲ್ಲಿ, ಅವನ ತಂದೆ ಜಾನ್ ಷೇಕ್ಸ್‌ಪಿಯರನಿಗೆ ಸ್ಟ್ರಾಟ್‌ಫರ್ಡ್ ಪಟ್ಟಣದಲ್ಲೊಂದು ಸಾರ್ವಜನಿಕ ಹುದ್ದೆ ದೊರೆಯಿತು. ಕೈಗವಸು ಹೊಲಿಯುವುದು ಅವನ ಕಸುಬು. ಹೊಸ ಹುದ್ದೆಯ ಕೆಲಸವೆಂದರೆ ಊರಿನಲ್ಲಿ ಮಾರುವ ಏಲ್ ಎಂಬ ಬಿಯರನ್ನು ಕುಡಿದು ನೋಡುವುದು! ಪಾನೀಯ ಕೆಟ್ಟಿಲ್ಲವೇ, ಅಳತೆ ಸರಿಯಾಗಿದೆಯೇ, ನಿಗದಿಪಡಿಸಿದ ಬೆಲೆಗೇ ಮಾರುತ್ತಿದ್ದಾರೆಯೇ ಎಂದು ಪರೀಕ್ಷಿಸಿ, ತಪ್ಪು ಕಂಡರೆ ಸ್ಥಳೀಯ ನ್ಯಾಯಸಭೆಗೆ ವರದಿ ಮಾಡುವುದು. 13ನೇ ಶತಮಾನದಿಂದಲೂ ಇಂಗ್ಲೆಂಡಿನಲ್ಲಿ ಬ್ರೆಡ್ಡು ಮತ್ತು ಏಲ್‌ಗಳ ಮಾರಾಟಕ್ಕೆ ಕಾನೂನಿತ್ತು. ಅದನ್ನು ಜಾರಿಗೊಳಿಸಲು ಇಂಥ ಪರೀಕ್ಷಕರು ಊರೂರಲ್ಲಿ ಇದ್ದರು. ಅವರು ಬೆಂಚಿನ ಮೇಲೆ ಏಲ್ ಸುರಿದು, ಚರ್ಮದ ಚಲ್ಲಣ ತೊಟ್ಟು ಅದರ ಮೇಲೆ ಕುಳಿತು, ಅಂಟುತ್ತದೆಯೇ ಎಂದು ನೋಡುತ್ತಿದ್ದರೆಂಬ ಕತೆಯೂ ಉಂಟು. ಕತೆ ಸೊಗಸಾಗಿದೆ, ಆದರೆ ಆ ಕಾಲದ ದಾಖಲೆಗಳಲ್ಲಿ ಅದಕ್ಕೆ ಆಧಾರವಿಲ್ಲ.

ಅಂದಿನ ಪರೀಕ್ಷಕನಿಗೆ ಬೇಕಾಗಿದ್ದುದು ಎರಡೇ ಮಾತು: ಒಳ್ಳೆಯದು, ಕೆಟ್ಟದ್ದು. ಇಂದು ಲಂಡನ್ನಿನಲ್ಲೋ ಷಿಕಾಗೋದಲ್ಲೋ ವಾರಾಂತ್ಯದ ಸಂಜೆ ನಾಲ್ಕು ಮಂದಿ ಗೆಳೆಯರು ಮನೆಯ ಊಟದ ಮೇಜಿನ ಸುತ್ತ ಕುಳಿತು, ಸಣ್ಣ ತಯಾರಕರ ಐದಾರು ಬಗೆಯ ಬಿಯರುಗಳನ್ನು ಗುಟುಕು ಗುಟುಕಾಗಿ ಸವಿದು, ಪುಸ್ತಕದಲ್ಲಿ ಬರೆದಿಡುವುದು ಸಾಮಾನ್ಯ ಹವ್ಯಾಸ. ಅವರ ಬರಹದಲ್ಲಿ ಲವಂಗ, ಬಾಳೆಹಣ್ಣು, ಸುಟ್ಟ ಸಕ್ಕರೆ, ಕಿತ್ತಳೆ ಸಿಪ್ಪೆ, ಒಣಹುಲ್ಲು ಎಂಬ ಹತ್ತಾರು ಪದಗಳಿರುತ್ತವೆ. ಎರಡು ಮಾತು ಹತ್ತಾರು ಆದದ್ದು ಹೇಗೆ? ಅದು ಕೇವಲ ಶೋಕಿಯ ಕತೆಯಲ್ಲ. ಹೆಸರಿಲ್ಲದ್ದು ಹೇಗೆ ಸದ್ದಿಲ್ಲದೆ ಅಳಿದುಹೋಗುತ್ತದೆ, ಹೆಸರು ಸಿಕ್ಕೊಡನೆ ಹೇಗೆ ಮರಳಿ ಬರುತ್ತದೆ ಎಂಬುದರ ಕತೆ.

ಎಲ್ಲೆಡೆಯೂ ಒಂದೇ ರುಚಿ

ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿ ರಸವನ್ನು ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಹುದುಗಿಸಿದರೆ ಬಿಯರ್. ಮಧ್ಯಯುಗದ ಯೂರೋಪಿನಲ್ಲಿ ಇದು ಬಹುಮಟ್ಟಿಗೆ ಮನೆಗೆಲಸವಾಗಿತ್ತು, ಅದರಲ್ಲೂ ಹೆಂಗಸರ ಕೆಲಸವಾಗಿತ್ತು. ನೀರು, ಧಾನ್ಯ, ಹುದುಗು ಬದಲಾದಂತೆ ಊರಿಂದೂರಿಗೆ ರುಚಿಯೂ ಬದಲಾಗುತ್ತಿತ್ತು.

19ನೇ ಶತಮಾನದ ವಿಜ್ಞಾನ ಈ ಚಿತ್ರವನ್ನು ಬದಲಿಸಿತು. 1842ರಲ್ಲಿ ಬೊಹೆಮಿಯಾದ ಪಿಲ್ಸೆನ್ ಪಟ್ಟಣದಲ್ಲಿ ತಿಳಿಹೊನ್ನಿನ ಬಣ್ಣದ ಲಾಗರ್ ಬಿಯರ್ ಸಿದ್ಧವಾಯಿತು. ಬಿಯರು ಹುಳಿತು ಕೆಡುವುದಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂದು ಲೂಯಿ ಪಾಶ್ಚರ್ 1876ರ ತನ್ನ ಗ್ರಂಥದಲ್ಲಿ ವಿವರಿಸಿದ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಶುದ್ಧ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ. ಯಂತ್ರದಿಂದ ತಂಪು ಉಂಟುಮಾಡುವ ವಿಧಾನವೂ ಅದೇ ಹೊತ್ತಿಗೆ ಬಂತು. ಇದರಿಂದಾದ ಲಾಭ ಸಣ್ಣದಲ್ಲ. ಬಿಯರು ಕೆಡುವುದು ಕಡಿಮೆಯಾಯಿತು, ಅಗ್ಗವಾಯಿತು, ದೂರದೂರಿಗೆ ಹೋಯಿತು. ಆದರೆ ಯಾವ ರುಚಿಯೂ ಎದ್ದು ಕಾಣದಂತೆ ತಯಾರಿಸುವುದೇ ದೊಡ್ಡ ಕಾರ್ಖಾನೆಗಳ ಗುರಿಯಾಯಿತು.

ಅಮೆರಿಕದಲ್ಲಿ 1873ರಲ್ಲಿ 4,131 ಬಿಯರ್ ತಯಾರಿಕಾ ಘಟಕಗಳಿದ್ದವು. ದೊಡ್ಡವು ಸಣ್ಣವನ್ನು ನುಂಗಿದ್ದು ಒಂದು ಕಡೆಯಾದರೆ, 1920ರಿಂದ 1933ರವರೆಗಿನ ಪಾನನಿಷೇಧದ ಪೆಟ್ಟು ಇನ್ನೊಂದು ಕಡೆ. 1970ರ ದಶಕದ ಕೊನೆಯ ಹೊತ್ತಿಗೆ ಉಳಿದದ್ದು ನೂರಕ್ಕೂ ಕಡಿಮೆ. ಇಂಗ್ಲೆಂಡಿನಲ್ಲಿಯೂ ಪೀಪಾಯಿಯಲ್ಲೇ ನಿಧಾನವಾಗಿ ಹದಗೊಳ್ಳುವ ಏಲ್‌ನ ಜಾಗವನ್ನು, ಶೋಧಿಸಿ ಅನಿಲ ತುಂಬಿದ ಕಾರ್ಖಾನೆಯ ಬಿಯರ್ ಆಕ್ರಮಿಸಿತು. ಇದನ್ನು ಸಹಿಸದ ನಾಲ್ವರು ಯುವಕರು 1971ರಲ್ಲಿ ಐರ್ಲೆಂಡಿನ ಪ್ರವಾಸದಲ್ಲಿದ್ದಾಗ ಒಂದು ಚಳವಳಿಗೆ ನಾಂದಿ ಹಾಡಿದರು. ಮುಂದೆ ಅದು 'ಕ್ಯಾಮ್ರಾ' ಎಂಬ ಹೆಸರಿನಿಂದ ದೇಶದ ಪ್ರಬಲ ಬಳಕೆದಾರರ ಸಂಘಟನೆಗಳಲ್ಲೊಂದಾಗಿ ಬೆಳೆಯಿತು.

ಹಾಲಿನವನ ಹಟ

ಒಂದು ರುಚಿ ಸಾಯುವುದೆಂದರೇನು ಎಂಬುದಕ್ಕೆ ಬೆಲ್ಜಿಯಂನ ಹೂಗಾರ್ಡನ್ ಎಂಬ ಊರು ಸಾಕ್ಷಿ. ಮೊಳಕೆ ಬರಿಸದ ಗೋಧಿ, ಕೊತ್ತಂಬರಿ ಬೀಜ, ಒಣಗಿದ ಕಿತ್ತಳೆ ಸಿಪ್ಪೆ ಹಾಕಿ ಮಾಡುವ ಮಸುಕು ಬಿಳುಪಿನ 'ಬಿಳಿ ಬಿಯರ್' ಆ ಊರಿನ ಹೆಗ್ಗಳಿಕೆಯಾಗಿತ್ತು. ಪಿಲ್ಸೆನ್ ಮಾದರಿಯ ಬಿಯರಿನ ಎದುರು ಅದು ನಿಲ್ಲಲಾರದೆ ಹೋಯಿತು. ಟಾಮ್ಸಿನ್ ಮನೆತನದ ಕೊನೆಯ ಘಟಕ 1950ರ ದಶಕದಲ್ಲಿ ಬಾಗಿಲು ಹಾಕಿತು. ಚಿಕ್ಕಂದಿನಲ್ಲಿ ಅಲ್ಲಿ ಕೈಗೆಲಸ ಮಾಡಿದ್ದ ಪಿಯರ್ ಸೆಲಿಸ್ ಎಂಬಾತ ಊರಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದ. ಹಳೆಯ ಬಿಯರಿಗಾಗಿ ಹಲುಬುವ ಊರವರ ಮಾತು ಕೇಳಿ ಕೇಳಿ, 1960ರ ದಶಕದ ನಡುವಿನಲ್ಲಿ ತನ್ನ ನೆನಪಿನ ಬಲದಿಂದಲೇ ಅದನ್ನು ಮತ್ತೆ ತಯಾರಿಸಿದ. ಇಂದು ಜಗತ್ತಿನ ಮೂಲೆಮೂಲೆಯಲ್ಲಿ 'ವಿಟ್‌ಬಿಯರ್' ಎಂದು ಮಾರಾಟವಾಗುವುದಕ್ಕೆಲ್ಲ ಈ ಹಾಲಿನವನ ಹಟವೇ ಮೂಲ. ಆ ರುಚಿಯನ್ನು ಬಲ್ಲ ನಾಲಿಗೆಗಳು ಇನ್ನೂ ಇದ್ದುದರಿಂದ ಇದು ಸಾಧ್ಯವಾಯಿತು. ಒಂದು ತಲೆಮಾರು ಕಳೆದಿದ್ದರೆ ಕೇಳುವವರೂ ಇರುತ್ತಿರಲಿಲ್ಲ, ಹೇಳುವವರೂ ಇರುತ್ತಿರಲಿಲ್ಲ.

ಹೆಸರಿಟ್ಟ ಪತ್ರಕರ್ತ

ನೆನಪಿನಲ್ಲಿದ್ದುದನ್ನು ಬರಹಕ್ಕೆ ಇಳಿಸಿದವನು ಮೈಕೆಲ್ ಜಾಕ್ಸನ್. ಇವನು ಹಾಡುಗಾರನಲ್ಲ; 1942ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ ಹುಟ್ಟಿದ ಪತ್ರಕರ್ತ. 1977ರಲ್ಲಿ ಪ್ರಕಟವಾದ ಇವನ 'ದಿ ವರ್ಲ್ಡ್ ಗೈಡ್ ಟು ಬಿಯರ್' ಗ್ರಂಥ ಬಿಯರುಗಳನ್ನು ದೇಶ, ಮೂಲ, ತಯಾರಿಕೆಯ ಕ್ರಮ, ರುಚಿಗಳ ಆಧಾರದ ಮೇಲೆ ಪ್ರಕಾರಗಳಾಗಿ ವಿಂಗಡಿಸಿತು. ಸಂಗೀತದಲ್ಲಿ ರಾಗಗಳನ್ನು ಗುರುತಿಸಿದಂತೆ, ಇದು ಪೋರ್ಟರ್, ಇದು ಸ್ಟೌಟ್, ಇದು ಲ್ಯಾಂಬಿಕ್ ಎಂದು ಒಂದೊಂದಕ್ಕೂ ಲಕ್ಷಣ ಹೇಳಿದ. ವೈನಿಗೆ ಮಾತ್ರ ಮೀಸಲೆಂದು ತಿಳಿದಿದ್ದ ಗಾಂಭೀರ್ಯದಿಂದ ದುಡಿಯುವವರ ಪಾನೀಯದ ಬಗ್ಗೆ ಬರೆದ. ಎಂದೂ ನೋಡದ ಊರಿನ ಬಿಯರನ್ನು ಅಮೆರಿಕದ ಹವ್ಯಾಸಿಗಳು ಈ ಗ್ರಂಥದ ವರ್ಣನೆ ಓದಿ ಮಾಡಲು ಯತ್ನಿಸಿದರು. 2007ರಲ್ಲಿ ಜಾಕ್ಸನ್ ತೀರಿಕೊಂಡಾಗ ಅವನ ವಿಂಗಡಣೆ ಜಗತ್ತಿನ ರೂಢಿಯೇ ಆಗಿಹೋಗಿತ್ತು.

ಜಾಕ್ಸನ್ ಕೊಟ್ಟದ್ದು ಸಾಹಿತ್ಯದ ಭಾಷೆಯಾದರೆ, ಪ್ರಯೋಗಾಲಯದ ಭಾಷೆಯನ್ನು ಕೊಟ್ಟವನು ಡೆನ್ಮಾರ್ಕ್ ಮೂಲದ ರಸಾಯನ ವಿಜ್ಞಾನಿ ಮಾರ್ಟೆನ್ ಮೈಲ್ಗಾರ್ಡ್. 1979ರಲ್ಲಿ ಅವನೂ ಅವನ ಸಹೋದ್ಯೋಗಿಗಳೂ ಬಿಯರಿನ ವಾಸನೆ ಮತ್ತು ರುಚಿಗಳನ್ನು 14 ವರ್ಗಗಳಾಗಿ, 120ಕ್ಕೂ ಹೆಚ್ಚು ಪದಗಳಾಗಿ ಒಂದು ಚಕ್ರದಲ್ಲಿ ಜೋಡಿಸಿದರು. ನಮ್ಮವರು ಷಡ್ರಸಗಳಲ್ಲಿ ಅಡಗಿಸಿದ್ದನ್ನು ಇಷ್ಟು ಹಿಂಜಬೇಕಿತ್ತೇ ಎನಿಸಬಹುದು. ಆದರೆ ಇಲ್ಲಿ ಒಂದೊಂದು ಪದದ ಹಿಂದೆಯೂ ಒಂದು ಕಾರಣವಿದೆ. ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್. ಹುದುಗುವಿಕೆ ಪೂರ್ತಿಯಾಗಿಲ್ಲ, ಇಲ್ಲವೇ ಬ್ಯಾಕ್ಟೀರಿಯಾ ಸೇರಿದೆ. ಹಸಿರು ಸೇಬಿನ ವಾಸನೆ ಬಂದರೆ ಬಿಯರು ಇನ್ನೂ ಎಳೆಯದು. ಒದ್ದೆ ರಟ್ಟಿನ ವಾಸನೆ ಬಂದರೆ ಹಳತಾಗಿದೆ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ದುರ್ನಾತ ಹುಟ್ಟುತ್ತದೆ. ಬಿಯರ್ ಬಾಟಲಿಗೆ ಕಂದು ಬಣ್ಣವಿರುವುದು ಅದಕ್ಕೇ. ಆದರೆ ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು ಮತ್ತು ಲವಂಗದ ಕಂಪು ದೋಷವಲ್ಲ, ಯೀಸ್ಟು ಕೊಟ್ಟ ಗುಣ. ಅಡುಗೆಮನೆಯಲ್ಲಿ ಸಾರಿನ ರುಚಿ ನೋಡಿ 'ಹುಳಿ ಮುಂದಾಯಿತು, ಉಪ್ಪು ಹಿಂದಾಯಿತು' ಎನ್ನುವ ಗೃಹಿಣಿ ಮಾಡುವುದೂ ಇದನ್ನೇ. 'ಚೆನ್ನಾಗಿಲ್ಲ' ಎಂದರೆ ಸರಿಪಡಿಸಲಾಗದು. ಏನು ಹೆಚ್ಚು, ಏನು ಕಡಿಮೆ ಎಂದರೆ ಸರಿಪಡಿಸಬಹುದು.

ಮನೆಗೆ ಮರಳಿದ ಪರೀಕ್ಷೆ

ಈ ಭಾಷೆ ಮನೆ ಹೊಕ್ಕದ್ದು ಒಂದು ಕಾನೂನಿನಿಂದ. ಅಮೆರಿಕದಲ್ಲಿ ಪಾನನಿಷೇಧ ಮುಗಿದ ಮೇಲೆ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅವಕಾಶವಿದ್ದರೂ ಬಿಯರಿಗೆ ಇರಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆ, ಸ್ವಂತ ಬಳಕೆಗಾಗಿ ವರ್ಷಕ್ಕೆ ಒಬ್ಬ ವಯಸ್ಕನಿಗೆ 100 ಗ್ಯಾಲನ್, ಅಂದರೆ ಸುಮಾರು 380 ಲೀಟರ್, ತೆರಿಗೆಯಿಲ್ಲದೆ ತಯಾರಿಸಲು ಅನುಮತಿ ನೀಡಿತು. ಅದೇ ವರ್ಷ ಕೊಲರಾಡೋದ ಶಾಲಾ ಶಿಕ್ಷಕ ಚಾರ್ಲಿ ಪಪೇಜಿಯನ್ ಮನೆ ತಯಾರಕರ ಸಂಘವನ್ನು ಹುಟ್ಟುಹಾಕಿದ. 1985ರಲ್ಲಿ ಹವ್ಯಾಸಿ ತೀರ್ಪುಗಾರರಿಗೆ ತರಬೇತಿ, ಪರೀಕ್ಷೆಗಳು ಆರಂಭವಾದವು. ಅವರು ಬಳಸುವ ಪಟ್ಟಿಯಲ್ಲಿ ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಸ್ಪರ್ಶದ ಅನುಭವಕ್ಕೆ 5, ಒಟ್ಟು ಪರಿಣಾಮಕ್ಕೆ 10. ಕಣ್ಣಿಗಿಂತ ಮೂಗಿಗೆ ನಾಲ್ಕು ಪಟ್ಟು ಬೆಲೆ!

ಮನೆಯಲ್ಲಿ ಸವಿಯುವವರು ಪಾಲಿಸುವ ಕ್ರಮವೂ ಇದರಿಂದಲೇ ಬಂದದ್ದು. ಲೋಟದಲ್ಲಿ ಜಿಡ್ಡು, ಸೋಪಿನ ಅಂಶ ಉಳಿದಿರಬಾರದು. ಉಳಿದರೆ ನೊರೆ ನಿಲ್ಲುವುದಿಲ್ಲ. ತೀರ ತಣ್ಣಗಿದ್ದರೆ ನಾಲಿಗೆ ಮರಗಟ್ಟಿ ಏನೂ ತಿಳಿಯದು. ಹಗುರವಾದುದರಿಂದ ತೊಡಗಿ ಗಾಢವಾದುದಕ್ಕೆ ಹೋಗಬೇಕು. ನಡುನಡುವೆ ನೀರು, ಒಂದು ತುಂಡು ಬ್ರೆಡ್ಡು. ಸುವಾಸನೆ ಬೇಗ ಹಾರಿಹೋಗುವುದರಿಂದ ಮೊದಲು ಮೂಸಬೇಕು, ಆಮೇಲೆ ಗುಟುಕು. ಬಾಟಲಿಯ ಚೀಟಿ ಕಾಣದಂತೆ ಮತ್ತೊಬ್ಬರು ಸುರಿದುಕೊಟ್ಟರೆ ಇನ್ನೂ ಒಳ್ಳೆಯದು. ಹೆಸರು, ಬೆಲೆ ತಿಳಿದೊಡನೆ ನಾಲಿಗೆ ಅದಕ್ಕೆ ತಕ್ಕಂತೆ ಸಾಕ್ಷಿ ನುಡಿಯತೊಡಗುತ್ತದೆ. ಇಲ್ಲಿ ಒಂದು ಬಾಟಲಿ ನಾಲ್ವರಿಗೆ ಹಂಚಿಹೋಗುತ್ತದೆ ಎಂಬುದನ್ನೂ ಗಮನಿಸಬೇಕು. ಅಮಲೇರಿದವನ ನಾಲಿಗೆಯನ್ನು ಯಾರೂ ನಂಬುವುದಿಲ್ಲ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವಾಗ ಈ ಮಾತಿಗೆ ಇನ್ನಷ್ಟು ತೂಕವಿದೆ.

ಹೆಸರುಗಳು ಕೆಲವೊಮ್ಮೆ ತಪ್ಪು ಕತೆಯನ್ನೂ ಹೊತ್ತು ತರುತ್ತವೆ. ಈ ಹವ್ಯಾಸಿಗಳ ಅಚ್ಚುಮೆಚ್ಚಿನ 'ಇಂಡಿಯಾ ಪೇಲ್ ಏಲ್' ನಮ್ಮ ದೇಶಕ್ಕೆ ಹಡಗಿನಲ್ಲಿ ಬರುವಾಗ ಕೆಡದಿರಲೆಂದೇ ಲಂಡನ್ನಿನ ಜಾರ್ಜ್ ಹಾಡ್ಜ್‌ಸನ್ ಕಂಡುಹಿಡಿದ ಬಿಯರೆಂದು ಬಹುಕಾಲ ನಂಬಲಾಗಿತ್ತು. ಹಾಪ್ಸ್ ಹೆಚ್ಚು ಹಾಕಿದ ಬಿಯರು ಅದಕ್ಕೂ ಮೊದಲೇ ಇತ್ತು. ಕಪ್ಪನೆಯ ಪೋರ್ಟರ್ ಸಹ ಅದೇ ಸಮುದ್ರ ದಾಟಿ ಇಲ್ಲಿನ ಬ್ರಿಟಿಷ್ ಸೈನಿಕರಿಗೆ ತಲುಪುತ್ತಿತ್ತು ಎಂದು ಈಚಿನ ಇತಿಹಾಸಕಾರರು ತೋರಿಸಿದ್ದಾರೆ.

ಅಂಕದ ಅಪಾಯ

ಅಮೆರಿಕದಲ್ಲಿ ಈಗ 9 ಸಾವಿರಕ್ಕೂ ಹೆಚ್ಚು ಘಟಕಗಳಿವೆ. ಹಾಗೆಂದು ಕತೆ ಸುಖಾಂತವೆಂದು ಹೇಳುವಂತಿಲ್ಲ. 1985ರಲ್ಲಿ ಸೆಲಿಸ್‌ನ ಘಟಕಕ್ಕೆ ಬೆಂಕಿ ಬಿದ್ದಾಗ ನೆರವಿಗೆ ಬಂದ ದೊಡ್ಡ ಕಂಪನಿಯ ಕೈಗೇ ಕೊನೆಗೆ ಹೂಗಾರ್ಡನ್ ಬಿಯರು ಸೇರಿತು. 1965ರಲ್ಲಿ ಫ್ರಿಟ್ಜ್ ಮೇಟ್ಯಾಗ್ ಕೊಂಡು ಉಳಿಸಿ, ಸಣ್ಣ ತಯಾರಕರಿಗೆಲ್ಲ ಮಾದರಿಯಾಗಿಸಿದ ಸ್ಯಾನ್‌ಫ್ರಾನ್ಸಿಸ್ಕೋದ ಆಂಕರ್ ಘಟಕ 2023ರಲ್ಲಿ ಕೆಲಸ ನಿಲ್ಲಿಸಿತು; ಮರುವರ್ಷ ಅದನ್ನು ಬೇರೊಬ್ಬ ಉದ್ಯಮಿ ಕೊಂಡರು. ಅಂಕ ಕೊಡುವ ಹವ್ಯಾಸಕ್ಕೂ ಅದರದೇ ದೋಷವಿದೆ. ಒಂದೇ ಗುಟುಕಿನಲ್ಲಿ ಅಬ್ಬರಿಸುವ ತೀವ್ರ ಕಹಿಯ, ಹೆಚ್ಚು ಮಾದಕಾಂಶದ ಬಿಯರುಗಳೇ ಹವ್ಯಾಸಿಗಳ ಪಟ್ಟಿಯ ತುದಿಗೇರುತ್ತವೆ. ಮೆಲುದನಿಯವು ಹಿಂದೆ ಬೀಳುತ್ತವೆ. ಎಲ್ಲರೂ ತುದಿಯಲ್ಲಿರುವುದನ್ನೇ ಅನುಕರಿಸಿದರೆ ಹಳೆಯ ಏಕರೂಪತೆ ಹೊಸ ವೇಷದಲ್ಲಿ ಬಂದಂತೆಯೇ ಸರಿ. ಈ ಅಪಾಯಕ್ಕೆ ಮದ್ದು ಅಂಕದ ಪಕ್ಕದಲ್ಲಿ ಬರೆಯುವ ಎರಡು ಸಾಲು. ಅಂಕ ಮೇಲುಕೀಳನ್ನು ಹೇಳುತ್ತದೆ; ಮಾತು ವ್ಯತ್ಯಾಸವನ್ನು ಹೇಳುತ್ತದೆ.

2010ರ ನಂತರ ಬೆಂಗಳೂರಿನಲ್ಲಿಯೂ ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಮೈಕ್ರೋಬ್ರೂವರಿಗಳು ಒಂದೊಂದಾಗಿ ತೆರೆದವು. ಅವುಗಳ ಪಟ್ಟಿಯಲ್ಲಿ ವಿಟ್‌ಬಿಯರ್, ಸ್ಟೌಟ್‌ಗಳ ಜತೆಗೆ ಮಾವು, ರಾಗಿಗಳ ಪ್ರಯೋಗವೂ ನಡೆದಿದೆ. ಹೂಗಾರ್ಡನ್ನಿನ ಬಿಯರಿನಲ್ಲಿರುವ ಕೊತ್ತಂಬರಿ ಬೀಜದ ಕಂಪನ್ನು ಗುರುತಿಸಲು, ಸಾರಿನಪುಡಿ ಹುರಿಯುವ ಘಮಲಿನಲ್ಲಿ ಬೆಳೆದವರಿಗೆ ಯಾವ ಚಕ್ರವೂ ಬೇಕಿಲ್ಲ.

ಲಂಡನ್ ನಗರದಲ್ಲಿ ಏಲ್ ಪರೀಕ್ಷಕರನ್ನು ಆಯ್ಕೆ ಮಾಡುವ ಸಂಪ್ರದಾಯ ಈಗಲೂ ಉಳಿದಿದೆ. ಆದರೆ ಅದು ಬರೀ ಶಾಸ್ತ್ರಕ್ಕೆ. ಜಾನ್ ಷೇಕ್ಸ್‌ಪಿಯರ್ ಮಾಡುತ್ತಿದ್ದ ನಿಜವಾದ ಕೆಲಸ ಈಗ ನಡೆಯುತ್ತಿರುವುದು ಊಟದ ಮೇಜಿನ ಮೇಲೆ, ಒಂದು ಸಣ್ಣ ಲೋಟ ಮತ್ತು ಒಂದು ಪೆನ್ಸಿಲಿನ ನೆರವಿನಿಂದ.