ಎರಡು ಕಾಲಗಳ ಬಂದೂಕು

ವಸ್ತುಸಂಗ್ರಹಾಲಯದ ಬಂದೂಕಿನ ಮೇಲೆ ಇಸವಿಯೊಂದು ಕೆತ್ತಿದ್ದರೆ ಅದನ್ನೇ ಅದರ ವಯಸ್ಸೆಂದು ನಾವು ತಿಳಿಯುತ್ತೇವೆ. ಸ್ನೈಡರ್-ಎನ್‌ಫೀಲ್ಡ್ ಬಂದೂಕಿನ ಮಟ್ಟಿಗೆ ಈ ತಿಳಿವು ಅರ್ಧಸತ್ಯ.

1853ರ ಮಾದರಿಯ ಎನ್‌ಫೀಲ್ಡ್‌ಗೆ ನಳಿಗೆಯ ಬಾಯಿಯಿಂದಲೇ ಮದ್ದುಗುಂಡು ತುಂಬಬೇಕಿತ್ತು. ಕಾಗದದ ಕಾಡತೂಸನ್ನು ಹಲ್ಲಿನಿಂದ ಹರಿದು, ಮದ್ದು ಸುರಿದು, ಗುಂಡನ್ನು ಗಜದಿಂದ ಒತ್ತಿ ಇಳಿಸುವುದು ಅಂದಿನ ರೂಢಿ. ಆ ಕಾಡತೂಸಿಗೆ ಸವರಿದ ಕೊಬ್ಬಿನ ಬಗೆಗಿನ ಸಂಶಯವೇ 1857ರ ದಂಗೆಗೆ ಕಿಡಿಯಾದದ್ದು ನಮಗೆಲ್ಲ ತಿಳಿದ ಸಂಗತಿ.

ಹಿಂಬದಿಯಿಂದ ತುಂಬುವ ಬಂದೂಕುಗಳ ಕಾಲ ಬಂದಾಗ ಬ್ರಿಟಿಷರು ತಮ್ಮಲ್ಲಿದ್ದ ಅಪಾರ ಸಂಖ್ಯೆಯ ಎನ್‌ಫೀಲ್ಡ್‌ಗಳನ್ನು ಎಸೆಯಲಿಲ್ಲ. ಅಮೆರಿಕದ ಜೇಕಬ್ ಸ್ನೈಡರ್‌ನ ವಿಧಾನವನ್ನು 1866ರಲ್ಲಿ ಅಂಗೀಕರಿಸಿ ಅವನ್ನೇ ಮಾರ್ಪಡಿಸಿದರು. ನಳಿಗೆಯ ಹಿಂತುದಿಯನ್ನು ಕತ್ತರಿಸಿ, ಬಲಕ್ಕೆ ತೆರೆಯುವ ಮುಚ್ಚಳವುಳ್ಳ ಹೊಸ ಭಾಗವನ್ನು ತಿರುಪಿನಿಂದ ಕೂಡಿಸಿದರು. ಮದ್ದು, ಗುಂಡು, ಸಿಡಿಮದ್ದು ಮೂರನ್ನೂ ಒಳಗೊಂಡ ಬಾಕ್ಸರ್ ತೋಟಾ ಬಂದಮೇಲೆ ಕಾಡತೂಸನ್ನು ಕಚ್ಚುವ ಅಗತ್ಯವೇ ಉಳಿಯಲಿಲ್ಲ.

ಗುರುತಿಸುವ ಬಗೆ ಹೀಗೆ: ಪಕ್ಕದ ಲಾಕ್ ಪ್ಲೇಟಿನ ಮೇಲೆ 1866ಕ್ಕೆ ಹಿಂದಿನ ಇಸವಿಯಿದ್ದು ಹಿಂಬದಿಯಲ್ಲಿ ಸ್ನೈಡರ್ ಮುಚ್ಚಳವಿದ್ದರೆ ಅದು ಮಾರ್ಪಟ್ಟ ಬಂದೂಕು. ಅದರ ನಳಿಗೆ ಹಳೆಯ ಕಬ್ಬಿಣದ್ದು. ಹೊಸದಾಗಿಯೇ ತಯಾರಾದ ಮೂರನೆಯ ಮಾದರಿಯಲ್ಲಿ ನಳಿಗೆ ಉಕ್ಕಿನದು, ಮುಚ್ಚಳಕ್ಕೆ ಚಿಲಕವೂ ಉಂಟು. ಮಾರ್ಪಟ್ಟದ್ದರಲ್ಲಿ ಗಜವೂ ಹಾಗೆಯೇ ಉಳಿದಿರುತ್ತದೆ. ಅದನ್ನು ಕಂಡ ಮಾತ್ರಕ್ಕೆ ಬಾಯಿಯಿಂದ ತುಂಬುವ ಬಂದೂಕೆಂದು ತೀರ್ಮಾನಿಸಲಾಗದು.

ಭಾರತದ ಸಂಗ್ರಹಗಳಲ್ಲಿ ನಳಿಗೆಯ ಒಳಗನ್ನೂ ಪರಿಶೀಲಿಸಬೇಕು. ದಂಗೆಯ ನಂತರ ಭಾರತೀಯ ಸಿಪಾಯಿಗಳಿಗಾಗಿ ಹೊರನೋಟಕ್ಕೆ ಎನ್‌ಫೀಲ್ಡ್‌ನಂತೆಯೇ ಇರುವ, ಆದರೆ ಒಳಗೆ ಸುರುಳಿಗೆರೆಗಳಿಲ್ಲದ ನುಣುಪು ನಳಿಗೆಯ ಬಂದೂಕುಗಳನ್ನು ಮಾಡಿಸಲಾಯಿತು. ಗೆರೆಯಿಲ್ಲದ ನಳಿಗೆಯಿಂದ ಹೊರಟ ಗುಂಡು ದೂರದ ಗುರಿಯನ್ನು ನಿಖರವಾಗಿ ಮುಟ್ಟದು. ಮುಂದೆ 1870ರ ದಶಕದಲ್ಲಿ ಬ್ರಿಟಿಷ್ ಸೈನಿಕರ ಕೈಗೆ ಮಾರ್ಟಿನಿ-ಹೆನ್ರಿ ಬಂದಾಗ ಸ್ನೈಡರ್ ಭಾರತೀಯ ಪಡೆಗಳ ಪಾಲಿಗೆ ಇಳಿಯಿತು. ಜೊತೆಗೂಡಿ ಹೋರಾಡುವವನ ಆಯುಧ ತಮ್ಮದಕ್ಕಿಂತ ಒಂದು ಮೆಟ್ಟಿಲು ಕೆಳಗಿರಲಿ ಎಂಬುದು ಆಳುವವರ ಎಚ್ಚರಿಕೆಯಾಗಿತ್ತು.

ಈ ಅವಿಶ್ವಾಸ ಇತಿಹಾಸದ ಪುಟಗಳಲ್ಲಷ್ಟೇ ಅಲ್ಲ, ನಳಿಗೆಯೊಳಗೂ ದಾಖಲಾಗಿದೆ. ಗಾಜಿನ ಪೆಟ್ಟಿಗೆಯ ಮುಂದಿನ ಚೀಟಿಯಲ್ಲಿ ಒಂದೇ ಇಸವಿಯನ್ನು ಬರೆದು ಮುಗಿಸಿದರೆ ಆ ದಾಖಲೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.