ಕ್ಯೂಆರ್‌ಪಿ ರೇಡಿಯೊ
ಅತಿ ಕಡಿಮೆ ಶಕ್ತಿಯ ಪ್ರೇಷಕದಿಂದ ದೂರದವರೊಡನೆ ಸಂಪರ್ಕ ಸಾಧಿಸುವ ಹ್ಯಾಮ್ ರೇಡಿಯೊ ಹವ್ಯಾಸ. ಮೋರ್ಸ್ ಸಂಕೇತಕ್ಕೆ 5 ವ್ಯಾಟ್, ಧ್ವನಿಗೆ 10 ವ್ಯಾಟ್ ರೂಢಿಯ ಮಿತಿ. ಹಳೆಯ ಝೀರೋ ಬಲ್ಬೂ ಇದಕ್ಕಿಂತ ಹೆಚ್ಚು ವಿದ್ಯುತ್ ನುಂಗುತ್ತದೆ. ಆದರೂ 14 ಮೆಗಾಹರ್ಟ್ಸ್ ಪಟ್ಟಿಯಲ್ಲಿ ವಾತಾವರಣದ ಮೇಲ್ಪದರವಾದ ಅಯಾನುಗೋಳ ಒಲಿದರೆ ಸಂಕೇತ ಖಂಡಗಳನ್ನೇ ದಾಟೀತು. ಆ ಪದರ ಸೂರ್ಯನ ಹಿಡಿತದಲ್ಲಿದೆ. ಹೀಗಾಗಿ ಹಿತ್ತಿಲ ಖಗೋಳವೀಕ್ಷಣೆ ಇದಕ್ಕೆ ಸಹಜ ಜೊತೆ: ಪುಟ್ಟ ದೂರದರ್ಶಕದಿಂದ ಬಿಳಿ ಹಾಳೆಯ ಮೇಲೆ ಸೂರ್ಯಬಿಂಬ ಬೀಳಿಸಿ (ನೇರ ನೋಡಿದರೆ ಕಣ್ಣೇ ಹೋದೀತು) ಕಲೆಗಳನ್ನು ಎಣಿಸುತ್ತಾ ಬಂದರೆ ಸುಮಾರು 11 ವರ್ಷಗಳ ಸೌರಚಕ್ರದ ಅಂದಾಜು ಸಿಗುತ್ತದೆ. ಕಲೆ ಹೆಚ್ಚಿದಂತೆ ಮೇಲಿನ ಆವರ್ತಾಂಕಗಳು ತೆರೆದುಕೊಳ್ಳುತ್ತವೆ. ಹೈದರಾಬಾದಿನ ಅಷರ್ ಫರ್ಹಾನ್ ವಿನ್ಯಾಸಗೊಳಿಸಿದ ಬಿಟ್‌ಎಕ್ಸ್, ಅಗ್ಗದ ಬಿಡಿಭಾಗಗಳಿಂದ ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಬಹುದಾದ ಸೊಗಸಾದ ಕ್ಯೂಆರ್‌ಪಿ ಸೆಟ್ಟು. ಶಕ್ತಿ ಎಷ್ಟೇ ಕಡಿಮೆಯಿರಲಿ, ಭಾರತದಲ್ಲಿ ಪ್ರಸಾರಕ್ಕೆ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಲೇಬೇಕು.